ಕೊರಾಂತಿನ್ ತುಟಿಗೆ ಅಂಟಿಸಿದ ಮಾತು

ಕ್ಲ್ಯಾಪ್ ಹಲಗೆಯನ್ನು ನಾವು ಮತಕ್ಕೆ ಹಾಕಿ ತೆಗೆದುಹಾಕಿದೆವು. ಐದು ಕೈ ಪರ, ಎರಡು ವಿರೋಧ. ಪರವಾಗಿ ಎದ್ದ ಐದರಲ್ಲಿ ಒಂದು ನನ್ನದು.

ಸಿನಿಮಾ ತೆಗೆಯುವವರಿಗೆಲ್ಲ ಗೊತ್ತಿರುವ ಸಾಮಾನು ಅದು. ಕ್ಯಾಮೆರಾ ಬೇರೆ, ದನಿ ಹಿಡಿಯುವ ಟೇಪ್ ಯಂತ್ರ ಬೇರೆ. ಎರಡೂ ಓಡತೊಡಗಿದ ಮೇಲೆ ಒಬ್ಬರು ಮುಂದೆ ನಿಂತು ಹಲಗೆಯನ್ನು ಪಟ್ಟೆನ್ನಿಸುತ್ತಾರೆ. ಆಮೇಲೆ ಸಂಕಲನದ ಮೇಜಿನ ಮೇಲೆ, ಹಲಗೆ ಮುಚ್ಚಿಕೊಂಡ ಚಿತ್ರಕ್ಕೂ ಪಟ್ಟೆಂಬ ಸದ್ದಿಗೂ ಗಂಟು ಹಾಕಿಬಿಟ್ಟರೆ ಮುಂದಿನ ಮಾತೆಲ್ಲ ಅದರದರ ತುಟಿಗೆ ತಾನಾಗಿ ಬಂದು ಕೂರುತ್ತದೆ.

“ಅದು ಮೇಸ್ತ್ರಿ ಕೆಲಸ,” ಎಂದಿದ್ದ ರೆಜಿಸ್. ನಮ್ಮ ಗುಂಪಿಗೆ ನಾಯಕರಿರಲಿಲ್ಲ. ನಾಯಕರಿಲ್ಲ ಎಂದು ಎಲ್ಲರಿಗಿಂತ ಹೆಚ್ಚು ಸಲ ಹೇಳುತ್ತಿದ್ದವನು ಅವನೇ. “ಕಾರ್ಖಾನೇಲಿ ಸೈರನ್ ಊದ್ತಾರಲ್ಲ, ಹಂಗೇನೇ ಇದೂ. ಮುಷ್ಕರ ಕೂತಿರೋ ಹೆಂಗಸಿನ ಮೂಗಿನ ಮುಂದೆ ಪಟ್ ಅನ್ಸಿ, ಹೂಂ ಈಗ ಮಾತಾಡು ಅಂತೀವಾ? ಕ್ಯಾಮೆರಾ ಅದಕ್ಕೆ ಬೇಕಾದಾಗ ಶುರುವಾಗ್ಲಿ. ಟೇಪೂ ಅಷ್ಟೇ.”

“ಆಮೇಲೆ ಎರಡನ್ನೂ ಹೊಂದಿಸೋರು ಯಾರು?” ಎಂದು ಕ್ಯಾಮೆರಾದ ಸೊಲಾಂಜ್ ಕೇಳಿದಳು.

ಎಲ್ಲರೂ ನನ್ನ ಕಡೆ ನೋಡಿದರು. ಸಂಕಲನ ನನ್ನ ಕೆಲಸ. ನಾನು ನಕ್ಕೆ.

ಅರವತ್ತೆಂಟರ ಜೂನ್ ಅದು. ಪ್ಯಾರಿಸ್ಸಿನ ಬೆಲ್ವಿಲ್‌ನ ಗಲ್ಲಿಯೊಂದರಲ್ಲಿ ಮುಚ್ಚಿಹೋಗಿದ್ದ ಇಸ್ತ್ರಿ ಅಂಗಡಿಯನ್ನು ಹಿಡಿದು ಏಳು ಜನ ಅಲ್ಲೇ ಉಂಡು ಅಲ್ಲೇ ಮಲಗಿ ಸಿನಿಮಾ ಕಟ್ಟುತ್ತಿದ್ದೆವು. ಮೇ ತಿಂಗಳ ದಂಗೆಯಲ್ಲಿ ಪೊಲೀಸರ ಮೇಲೆ ಎಸೆಯಲು ಹುಡುಗರು ಬೀದಿಯ ಕಲ್ಲು ಕಿತ್ತ ಜಾಗಕ್ಕೆ ಸರ್ಕಾರ ಡಾಂಬರು ಸುರಿಯುತ್ತಿತ್ತು, ನಮಗೆ ಅದರ ವಾಸನೆಯೂ ಹಿತವಾಗಿತ್ತು. ಮೂಲೆಯಲ್ಲಿ ಬೇಳೆ ಬೇಯುತ್ತಿತ್ತು. ಯಾರ ಹೆಸರೂ ಸಿನಿಮಾದ ಮೇಲೆ ಬರಕೂಡದು, ಯಾರೂ ಯಾರನ್ನೂ ನೀವು ಅನ್ನಕೂಡದು, ಮತ ಹಾಕದೆ ಒಂದು ಫ್ರೇಮ್ ಕೂಡ ಕೋಣೆಯಿಂದ ಹೊರಗೆ ಹೋಗಕೂಡದು. ಪಾತ್ರೆ ತೊಳೆಯುವ ಸರದಿಯನ್ನೂ ಗೋಡೆಗೆ ಅಂಟಿಸಿದ್ದೆವು. ತೊಳೆಯುತ್ತಿದ್ದವರು ಸೊಲಾಂಜ್ ಮತ್ತು ನಾನು.

ನನ್ನನ್ನು ಸಾಕಿದ ಅಜ್ಜಿ ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿಯ ಕಡಲಂಚಿನವಳು. ಬಿರುಗಾಳಿ ಕಳೆದ ಮೊದಲ ಇಳಿತದ ದಿನ ಮುಳುಗಿದವರ ದನಿಗಳು ಮರಳ ಮೇಲೆ ಬಂದು ಬೀಳುತ್ತವೆ, ಒಂದೊಂದೂ ತನ್ನ ಬಾಯನ್ನು ಹುಡುಕಿಕೊಂಡು ಮನೆಮನೆಯ ಬಾಗಿಲು ಸವರುತ್ತ ಹೋಗುತ್ತದೆ ಎಂದು ಹೇಳುತ್ತಿದ್ದಳು. ಕಾಯುವ ತಾಳ್ಮೆ ಇದ್ದವರ ಮನೆಗೆ ಸರಿಯಾದ ದನಿಯೇ ಬರುತ್ತದಂತೆ. ನಾನು ಇಪ್ಪತ್ಮೂರು ವರ್ಷದವಳು. ತಾಳ್ಮೆ ಬೇಕಾದಷ್ಟಿತ್ತು. ಚಿತ್ರಕ್ಕೂ ದನಿಗೂ ಹಾಗೇ ಆಗುತ್ತದೆ, ಸಂಜೆ ಗೂಡಿಗೆ ಬರುವ ಹಕ್ಕಿಗಳ ಹಾಗೆ ತಾವಾಗಿ ಸೇರಿಕೊಳ್ಳುತ್ತವೆ ಎಂದುಕೊಂಡು ಕೈ ಎತ್ತಿದ್ದೆ.

ಆ ಅಕ್ಟೋಬರಿನಲ್ಲಿ ನಮ್ಮವರು ಪೋರ್ಲಾನ್ ಬಂದರಿಗೆ ಹೋದರು. ಅಲ್ಲಿ ಮೀನು ಡಬ್ಬಿ ತುಂಬುವ ಕಾರ್ಖಾನೆಯ ಮುನ್ನೂರು ಹೆಂಗಸರು ಐದು ವಾರದಿಂದ ಮುಷ್ಕರ ಕೂತಿದ್ದರು. ನನ್ನ ಅಜ್ಜಿಯ ಊರಿಗೆ ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ. ನನಗೂ ಹೋಗುವ ಆಸೆ ಇತ್ತು. ಸಂಕಲನ ಮಾಡುವವಳ ಕಣ್ಣು ಹೊಸದಾಗಿರಬೇಕು, ಜಾಗ ನೋಡಿಬಿಟ್ಟರೆ ಕೆಡುತ್ತದೆ ಎಂದು ರೆಜಿಸ್ ಹೇಳಿದ. ಮತ ಹಾಕಿದೆವು. ನಾನು ಉಳಿದೆ.

ಹನ್ನೊಂದು ಡಬ್ಬಿ ಚಿತ್ರ ಬಂತು, ಹದಿನಾಲ್ಕು ಟೇಪು ಬಂತು. ಯಾವುದಕ್ಕೆ ಯಾವುದು ಎಂದು ಹೇಳುವ ಒಂದು ಗುರುತೂ ಇರಲಿಲ್ಲ. ಸೊಲಾಂಜ್ ತನಗೆ ಅನ್ನಿಸಿದಾಗ ಕ್ಯಾಮೆರಾ ಓಡಿಸಿದ್ದಳು, ದನಿ ಹಿಡಿಯುವ ತಿಬೋ ತನಗೆ ಅನ್ನಿಸಿದಾಗ ಟೇಪು ಓಡಿಸಿದ್ದ. ಚಳಿಗಾಲವಿಡೀ ನಾನು ಹಿಂದಿನ ಕೋಣೆಯಲ್ಲಿ, ಕಾಲಿಗೆ ಕಂಬಳಿ ಸುತ್ತಿಕೊಂಡು, ತುಟಿಗಳನ್ನು ನೋಡುತ್ತ ಕೂತೆ. ಪ, ಬ, ಮ ಎನ್ನುವಾಗ ತುಟಿ ಕೂಡುತ್ತದೆ. ಅಷ್ಟೇ ನನಗಿದ್ದ ಆಧಾರ. ರೀಲನ್ನು ಹಿಂದಕ್ಕೂ ಮುಂದಕ್ಕೂ ಎಳೆದು ಎಳೆದು ಕೊನೆಗೆ ಬೀದಿಯಲ್ಲಿ ಬ್ರೆಡ್ ಮಾರುವವಳ ಮಾತೂ ನನಗೆ ಅವಳ ತುಟಿಗಿಂತ ಒಂದು ಗಳಿಗೆ ತಡವಾಗಿ ಕೇಳಿಸತೊಡಗಿತ್ತು. ಜನವರಿಯ ಹೊತ್ತಿಗೆ ನನಗೆ ಎಲ್ಲವನ್ನೂ ಮುಗಿಸಿ ಮಲಗಿದರೆ ಸಾಕಾಗಿತ್ತು.

ಕೊನೆಯ ಸಭೆಯ ಭಾಗವೇ ಕಷ್ಟದ್ದು. ಬಂದರಿನ ಮೀನು ಹರಾಜಿನ ಶೆಡ್ಡು, ಮುನ್ನೂರು ಹೆಂಗಸರು, ಗುಂಪುಗುಂಪಾಗಿ ಜಗಳ. ಟೇಪಿನಲ್ಲಿ ಒಂದು ದನಿ ಸ್ಪಷ್ಟವಾಗಿತ್ತು. ಕೂಗಿ ಕೂಗಿ ಒಡೆದುಹೋದ ಗಂಟಲು. “ಸಾಕು. ಮಕ್ಕಳ ಮುಖ ನೋಡೋಕೆ ಆಗ್ತಿಲ್ಲ ನಂಗೆ. ನಾಳೆ ಬೆಳಿಗ್ಗೆ ಒಳಗೆ ಹೋಗೋಣ, ಏನು ಕೊಡ್ತಾರೋ ಕೊಡ್ಲಿ.” ಹತ್ತೊಂಬತ್ತು ಸೆಕೆಂಡು. ಆ ದನಿಗೆ ಬಾಯಿ ಬೇಕಿತ್ತು. ಸೊಲಾಂಜಳ ಚಿತ್ರದಲ್ಲಿ ಒಂದು ಮುಖವಿತ್ತು: ಐವತ್ತರ ಹತ್ತಿರದ ಹೆಂಗಸು, ಬಿಳಿ ಟೋಪಿ ಹಿಂದೆ ಜಾರಿದೆ, ಕೆನ್ನೆ ಒಳಗೆ ಹೋಗಿದೆ, ಕಣ್ಣು ಮಾತ್ರ ನೇರವಾಗಿದೆ. ತುಟಿ ಎಲ್ಲಿ ಕೂಡಬೇಕೋ ಹೆಚ್ಚುಕಡಿಮೆ ಅಲ್ಲೆಲ್ಲ ಕೂಡಿತು. ನಾನು ಎರಡನ್ನೂ ಸೇರಿಸಿ ಅಂಟುಪಟ್ಟಿ ಒತ್ತಿದೆ.

ಅದನ್ನು ನೋಡಿ ರೆಜಿಸ್ ಇನ್ನೊಂದು ಸಲ ಹಾಕಲು ಹೇಳಿದ. ಅವನಿಗೆ ಅದು ಅಪರೂಪ. “ಇಡೀ ಸೋಲು ಆ ಮುಖದಲ್ಲಿದೆ,” ಎಂದ ಕೊನೆಗೆ. ಆ ಸಭೆಯ ಮರುದಿನ ಬೆಳಿಗ್ಗೆ ಆ ಹೆಂಗಸರು ನಿಜಕ್ಕೂ ಒಳಗೆ ಹೋಗಿದ್ದರು. ಗಂಟೆಗೆ ನಾಲ್ಕು ಸೆಂಟಿಮ್ ಚಿಲ್ಲರೆ ಕಾಸು ಹೆಚ್ಚಿಗೆ, ಇಪ್ಪತ್ತು ಜನ ಕೆಲಸದಿಂದ ಕಡಿಮೆ.

ಫೆಬ್ರವರಿಯಲ್ಲಿ ತಿಬೋ ಒಂದು ಪ್ರತಿಯನ್ನು ಪೋರ್ಲಾನ್‌ಗೆ ಒಯ್ದು ಅಲ್ಲಿನ ಕಾರ್ಮಿಕ ಸಂಘದ ಸಭಾಂಗಣದಲ್ಲಿ ತೋರಿಸಿಬಂದ. “ಹೆಂಗಿತ್ತು?” ಎಂದು ಕೇಳಿದೆವು. “ಒಬ್ರೂ ಅಲುಗಾಡ್ಲಿಲ್ಲ. ಮುಗಿದ ಮೇಲೂ ಒಂದು ಮಾತಿಲ್ಲ. ಸುಮ್ನೆ ಎದ್ದು ಹೋದ್ರು,” ಎಂದ. ನಾವು ಅದನ್ನು ಮೆಚ್ಚುಗೆ ಎಂದುಕೊಂಡೆವು.

ಮಾರ್ಚಿನ ಒಂದು ಮಂಗಳವಾರ ಮಧ್ಯಾಹ್ನ ಆಕೆ ಬಾಗಿಲಿಗೆ ಬಂದರು. ಕಪ್ಪು ಕೋಟು, ಕೈಯಲ್ಲಿ ಚೀಲ, ಹೊಸದಾಗಿ ಒರೆಸಿದ ಬೂಟು. ನಾಲ್ಕು ತಿಂಗಳು ಆ ಮುಖವನ್ನು ದಿನಾ ನೋಡಿದವಳು ನಾನು. ಆದರೂ ಕಪ್ಪುಬಿಳುಪಿನಲ್ಲಿ ನೋಡಿದ್ದ ಮುಖ ಬಣ್ಣದಲ್ಲಿ ಕಂಡಾಗ ಗುರುತು ಹತ್ತಲಿಲ್ಲ. ಬೆರಳುಗಳ ಮೇಲೆ ಉಪ್ಪು ಕಚ್ಚಿದ ಗಾಯಗಳನ್ನು ನೋಡಿದ ಮೇಲೆ ಹತ್ತಿತು.

“ಸಿನಿಮಾದವರು ಇರೋದು ಇಲ್ಲೇ ತಾನೇ? ನಾನು ಕೊರಾಂತಿನ್. ಪೋರ್ಲಾನಿಂದ ಬಂದೆ.”

ರೆಜಿಸ್ ಎದ್ದು ಕುರ್ಚಿ ಎಳೆದ. “ಬಾ ಸಂಗಾತಿ, ಕೂತ್ಕೋ. ನೀನು ಬಂದಿದ್ದು ಭಾಳ ಒಳ್ಳೇದಾಯ್ತು.”

“ನೀನು ಅನ್ನೋಕೆ ನೀನೇನಪ್ಪಾ, ನನ್ನ ಮಡಿಲಲ್ಲಿ ಬೆಳೆದವನಾ?”

ಸೊಲಾಂಜ್ ನಗು ತಡೆಯಲು ಬಟ್ಟಲಿಗೆ ಕಾಫಿ ಸುರಿಯತೊಡಗಿದಳು. ರೆಜಿಸ್ ಕೆಂಪಾಗಿ, “ಇಲ್ಲಿ ಎಲ್ರೂ ಹಂಗೇ ಕರಿಯೋದು. ಸಮಾನತೆ,” ಎಂದ.

“ನಿಮ್ಮ ಸಮಾನತೆ ನಿಮ್ಮ ಹತ್ರ ಇರ್ಲಿ. ನಾನು ಒಂದು ಮಾತು ಕೇಳೋಕೆ ಬಂದೆ, ಕೇಳಿ ಹೋಗ್ತೀನಿ. ಐದೂ ಕಾಲಿಗೆ ರೈಲಿದೆ.” ಕೊರಾಂತಿನ್ ಕೂತರು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದರು, ಕುಡಿಯಲಿಲ್ಲ. “ಫೆಬ್ರವರಿ ಒಂಬತ್ತಕ್ಕೆ ನೀವು ಬಂದು ಸಿನಿಮಾ ತೋರಿಸಿದ್ರಿ. ಹತ್ತನೇ ತಾರೀಕಿಂದ ನನ್ನ ಬೆಂಚಲ್ಲಿ ನಾನೊಬ್ಳೇ.”

ಬಟ್ಟಲನ್ನು ಮೇಜಿನ ಮೇಲಿಟ್ಟು ಮುಂದುವರಿಸಿದರು.

“ಎಂಟು ಜನ ಕೂರೋ ಬೆಂಚು ಅದು. ಇಪ್ಪತ್ತೆಂಟು ವರ್ಷದಿಂದ ಕೂತಿದೀನಿ. ಈಗ ಏಳು ಜನಾನೂ ಎದ್ದು ಹೋಗಿ ಪಕ್ಕದ ಬೆಂಚಲ್ಲಿ ಒತ್ಕೊಂಡು ಕೂತಿದಾರೆ. ಮೀನಿನ ಬುಟ್ಟಿ ನನ್ನ ಕಡೆ ಯಾರೂ ತಳ್ಳಲ್ಲ, ನಾನೇ ಎದ್ದು ಹೋಗಿ ತಂದ್ಕೋಬೇಕು. ಚರ್ಚಲ್ಲೂ ಅಷ್ಟೇ. ಅವತ್ತಿನ ಗದ್ದಲದಲ್ಲಿ ಮೊದಲು ಒಳಗೆ ಹೋಗೋಣ ಅಂದು ಮುಷ್ಕರ ಮುರಿದೋರು ಯಾರು ಅಂತ ಇಷ್ಟು ದಿನ ಯಾರಿಗೂ ಗೊತ್ತಿರ್ಲಿಲ್ಲ. ಎಲ್ರೂ ಎಲ್ರನ್ನೂ ಬೈಕೊಂಡು ಹೆಂಗೋ ಇದ್ವಿ. ನಿಮ್ಮ ಸಿನಿಮಾ ಬಂದು ತೋರಿಸ್ಕೊಡ್ತು. ಆದ್ರೆ ಆ ಮಾತು ನಂದಲ್ಲ.”



“ನಿಂದಲ್ಲ ಅಂದ್ರೆ?” ಎಂದ ರೆಜಿಸ್.

“ನನ್ನ ಬಾಯಿ ಹೌದು, ಮಾತು ನಂದಲ್ಲ. ಒಳಗೆ ಹೋಗೋಣ ಅಂತ ನಾನು ಯಾವತ್ತೂ ಹೇಳಿಲ್ಲ. ಅವತ್ತು ಏನು ಹೇಳಿದೆ ಅಂತ ಪದ ಪದ ನೆನಪಿಲ್ಲ, ಆದ್ರೆ ಹೋಗೋದು ಬೇಡ ಅಂತ್ಲೇ ಹೇಳಿದ್ದು.”

“ನಿಮ್ಮ ದನಿ ಅಲ್ಲ ಅಂತ ಊರಿನೋರಿಗೆ ಗೊತ್ತಾಗ್ಲಿಲ್ವಾ?” ಎಂದು ಸೊಲಾಂಜ್ ಮೆಲ್ಲಗೆ ಕೇಳಿದಳು. ಅವಳು ನೀವು ಅಂದದ್ದನ್ನು ಗಮನಿಸಿದರೂ ಯಾರೂ ಆಕ್ಷೇಪಿಸಲಿಲ್ಲ.

“ಐದು ವಾರ ಕಿರುಚಿ ಮುನ್ನೂರು ಜನದ ಗಂಟ್ಲೂ ಒಂದೇ ಥರ ಆಗಿತ್ತಮ್ಮಾ. ಕಪ್ಪೆ ದನಿ. ಮೇಲಿಂದ ಆ ಸಭಾಂಗಣದ ಸ್ಪೀಕರು ಬೇರೆ, ಪಾದ್ರಿ ಮಾತಾಡಿದ್ರೂ ಹೋರಿ ಕೂಗಿದಂಗೆ ಕೇಳ್ಸುತ್ತೆ. ಜನ ಕಣ್ಣಿಗೆ ಕಂಡಿದ್ದನ್ನ ನಂಬ್ತಾರೆ. ನಾನೇ ಪರದೆ ಮೇಲೆ ನೋಡ್ಕೊಂಡು ಒಂದು ಗಳಿಗೆ ಹೌದೇನೋ ಅನ್ಕೊಂಡೆ.”

ಸೊಲಾಂಜ್ ತನ್ನ ಕೈ ನೋಡಿಕೊಂಡಳು. “ನಾನು ಅವರ ಮುಖ ತೆಗೆದಿದ್ದು ನಿಜ.”

“ನಾನು ಆ ದನಿ ಹಿಡಿದಿದ್ದೂ ನಿಜ,” ಎಂದ ತಿಬೋ.

“ಹಂಗಾದ್ರೆ ಸುಳ್ಳು ಎಲ್ಲಿಂದ ಬಂತು?” ಎಂದರು ಕೊರಾಂತಿನ್.

ಎಲ್ಲರೂ ನನ್ನ ಕಡೆ ನೋಡಿದರು. ಈ ಸಲ ನಾನು ನಗಲಿಲ್ಲ. ಹಲಗೆ ಇರಲಿಲ್ಲ, ಗುರುತು ಇರಲಿಲ್ಲ, ತುಟಿ ಹೊಂದಿತು ಅನ್ನಿಸಿತು, ಸೇರಿಸಿದೆ. ಇಷ್ಟನ್ನು ಹೇಳಲು ನನಗೆ ಐದು ನಿಮಿಷ ಹಿಡಿಯಿತು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು, ಬೈಯಲಿಲ್ಲ. ತಿಬೋ ಕಡೆ ತಿರುಗಿದರು.

“ನಾನು ಮಾತಾಡ್ತಿದ್ದಾಗ ನಿನ್ನ ಡಬ್ಬಿ ಎಲ್ಲಿತ್ತಪ್ಪ?”

“ಹೆಗಲ ಮೇಲೇ ಇತ್ತು. ಆ ಹೊತ್ತಲ್ಲಿ ನಂಗೆ ಆನ್ ಮಾಡ್ಬೇಕು ಅನ್ನಿಸ್ಲಿಲ್ಲ.”

“ಅನ್ನಿಸ್ಲಿಲ್ವಾ. ನಂಗೂ ಎಷ್ಟೋ ದಿನ ಮೀನಿನ ತಲೆ ಕತ್ತರಿಸ್ಬೇಕು ಅನ್ನಿಸಲ್ಲ.”

ಆಕೆ ಕೇಳಿದ್ದು ಇಷ್ಟು: ಆ ಜಾಗದಿಂದ ತನ್ನ ಮುಖ ತೆಗೆಯಬೇಕು, ಸಿನಿಮಾವನ್ನು ಮತ್ತೆ ಪೋರ್ಲಾನ್‌ಗೆ ತಂದು ತೋರಿಸಬೇಕು, ತಪ್ಪಾಗಿತ್ತು ಎಂದು ನಮ್ಮಲ್ಲಿ ಯಾರಾದರೂ ಎದ್ದು ನಿಂತು ಹೇಳಬೇಕು. ಅಷ್ಟಾದರೆ ಬೆಂಚಿಗೆ ಜನ ವಾಪಸ್ಸು ಬರುತ್ತಾರೆ.

ನಾವು ಸಭೆ ಸೇರಿದೆವು. ಅಂದರೆ ಕೂತಿದ್ದಲ್ಲೇ ಕೂತು, ರೆಜಿಸ್ ಮಾತ್ರ ಎದ್ದ. ಮಾತು ಯಾರೊಬ್ಬರ ಸ್ವತ್ತೂ ಅಲ್ಲ ಎಂದ. ಆ ಹತ್ತೊಂಬತ್ತು ಸೆಕೆಂಡಿನಲ್ಲಿ ಮಾತಾಡುತ್ತಿರುವುದು ಕೊರಾಂತಿನ್ ಅಲ್ಲ, ದುಡಿಯುವ ವರ್ಗದ ದಣಿವು ಎಂದ. ದಣಿವಿಗೆ ಯಾವ ಬಾಯಾದರೇನು?

“ದಣಿವಿಗೆ ಯಾವ ಬಾಯಾದ್ರೂ ಆಗುತ್ತೆ ಅಂದ್ರೆ ನಿನ್ನ ಬಾಯೇ ಹಾಕ್ಬಹುದಿತ್ತಲ್ಲಪ್ಪ. ದಿನಾ ಓಡ್ತಾನೇ ಇರುತ್ತೆ,” ಎಂದರು ಕೊರಾಂತಿನ್.

ಸಭೆ ಮುಂದುವರಿಯಿತು. ಒಬ್ಬಳು ಬಂದು ಕೇಳಿದಳೆಂದು ಒಂದು ಚೂರು ತೆಗೆದರೆ ನಾಳೆ ಕಾರ್ಖಾನೆಯ ಮಾಲೀಕ ಬಂದು ಕೇಳಿದರೂ ತೆಗೆಯಬೇಕಾಗುತ್ತದೆ ಎಂದು ಒಬ್ಬ. ಮಾಲೀಕನಿಗೂ ಇವರಿಗೂ ವ್ಯತ್ಯಾಸ ಇಲ್ಲವೇ ಎಂದು ಇನ್ನೊಬ್ಬ. ವ್ಯತ್ಯಾಸ ಎಂದರೇನು ಎಂದು ಮೊದಲಿನವ. ನನ್ನ ತಲೆ ಮೇಜಿನ ಕಡೆಗೆ ವಾಲುತ್ತಿತ್ತು. ಆ ವರ್ಷ ನಾನು ಎಷ್ಟು ಸಭೆಗಳಲ್ಲಿ ಕೂತಿದ್ದೆನೆಂದರೆ ಕೆಲವು ಮಾತುಗಳು ಬಾಯಿಗೆ ಬರುವ ಮೊದಲೇ ನನಗೆ ಕೇಳಿಸುತ್ತಿದ್ದವು. ಕೊರಾಂತಿನ್ ಚೀಲದಿಂದ ಬ್ರೆಡ್ಡು, ಬೇಯಿಸಿದ ಮೊಟ್ಟೆ ತೆಗೆದು, ಮೊಟ್ಟೆಯನ್ನು ರೀಲಿನ ಡಬ್ಬಿಗೆ ಕುಟ್ಟಿ ಒಡೆದು, ಸಿಪ್ಪೆಯನ್ನು ಅಂಗೈಯಲ್ಲಿ ಗುಡ್ಡೆ ಮಾಡುತ್ತ ಊಟ ಮುಗಿಸಿದರು.

ಕೊನೆಗೆ ರೆಜಿಸ್ ಒಂದು ದಾರಿ ಹೇಳಿದ. ಬರೀ ತೆಗೆಯುವುದು ಅಂದರೆ ಸೆನ್ಸಾರ್. ತಪ್ಪು ತಿದ್ದುವುದು ಬೇರೆ. ಆ ದನಿಯ ನಿಜವಾದ ಮುಖ ರೀಲುಗಳಲ್ಲಿ ಸಿಕ್ಕಿದರೆ ಅದನ್ನು ಅಲ್ಲಿಗೆ ಹಾಕೋಣ, ಪೋರ್ಲಾನ್‌ಗೆ ಹೋಗಿ ತೋರಿಸೋಣ. ಸಿಗದಿದ್ದರೆ ಇದ್ದ ಹಾಗೇ ಇರಲಿ. ಕೋಣೆಯಲ್ಲಿ ಇರುವವರೆಲ್ಲ ಮತ ಹಾಕಬಹುದು ಎನ್ನುವುದು ನಮ್ಮ ಪದ್ಧತಿ. ಕೊರಾಂತಿನ್ ಅವರನ್ನೂ ಕೇಳಿದ.

“ನಾನು ಹೇಳಿದ್ದು ಹೌದೋ ಅಲ್ವೋ ಅನ್ನೋದಕ್ಕೆ ಕೈ ಎಣಿಸ್ತೀರಾ? ನೀವೇ ಎಣಿಸ್ಕೊಳ್ಳಿ.”

ಏಳು ಕೈ ಎದ್ದವು. ನನ್ನದೂ ಎದ್ದಿತ್ತು, ಅಭ್ಯಾಸಕ್ಕೆ. ನಿರ್ಧಾರವನ್ನು ಯಾವ ಮಾತಿನಲ್ಲಿ ಬರೆಯಬೇಕೆಂದು ಅವರು ಚರ್ಚೆ ಶುರುಮಾಡಿದಾಗ ನಾನು ಎದ್ದು ಹಿಂದಿನ ಕೋಣೆಗೆ ಹೋದೆ. ಗಂಟೆ ಮೂರಾಗಿತ್ತು.

ಬೇಡವೆಂದು ಬಿಟ್ಟ ಚೂರುಗಳು ಬಟ್ಟೆಯ ದೊಡ್ಡ ಚೀಲವೊಂದರಲ್ಲಿ ಸುರುಳಿ ಸುರುಳಿಯಾಗಿ ಬಿದ್ದಿದ್ದವು. ಕೆಲವು ಕತ್ತಲಾಗಿ ಬಂದಿದ್ದವು, ಕೆಲವು ಅಲುಗಾಡಿದ್ದವು, ಕೆಲವುಗಳಲ್ಲಿ ಬರೀ ಬೆನ್ನಿತ್ತು. ಅವನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುತ್ತಿದ್ದೆ. ಬಾಗಿಲು ತೆರೆಯಿತು.

“ಅಲ್ಲಿ ಕೂತ್ರೆ ತಲೆ ಸಿಡಿಯುತ್ತೆ,” ಎಂದು ಕೊರಾಂತಿನ್ ಒಳಗೆ ಬಂದು ನನ್ನ ಕಂಬಳಿಯನ್ನು ಸರಿಸಿ ಕೂತರು. “ಹುಡುಗೀ, ನಿನ್ನ ಮಾತಲ್ಲಿ ನಮ್ಮ ಕಡೆ ಎಳೆತ ಇದೆಯಲ್ಲ. ಯಾವೂರು?”

ಅಜ್ಜಿಯ ಊರಿನ ಹೆಸರು ಹೇಳಿದೆ. ನನ್ನ ಹೆಸರು ಅಜಿಲಿಸ್ ಎಂದೂ ಹೇಳಿದೆ.

“ಅಯ್ಯೋ, ಪಕ್ಕದಲ್ಲೇ. ಅವರಿಗಾದ್ರೆ ಏನೂ ಗೊತ್ತಿಲ್ಲ ಅನ್ಬಹುದು. ನಿಂಗಾದ್ರೂ ಗೊತ್ತಾಗ್ಬೇಕಿತ್ತು ಕಣೇ. ನಮ್ಮೂರಲ್ಲಿ ಒಂದು ಸಲ ಹಿಂಗೆ ಅಂತ ಆದ್ರೆ ಮೊಮ್ಮಕ್ಕಳ ಕಾಲದ ತನಕ ಹೇಳ್ತಾರೆ.”

“ತಪ್ಪಾಯ್ತು, ಅತ್ತೆ,” ಎಂದೆ. ನಮ್ಮ ಕಡೆ ದೊಡ್ಡ ಹೆಂಗಸರನ್ನು ಕರೆಯುವುದು ಹಾಗೆಯೇ. ಪ್ಯಾರಿಸ್ಸಿಗೆ ಬಂದಮೇಲೆ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

“ಹುಡುಕು, ಹುಡುಕು,” ಎಂದರು ಆಕೆ.

ಸಿಕ್ಕಿತು. ತೀರ ಕಪ್ಪಾಗಿ ಬಂದಿದ್ದಕ್ಕೆ ಜನವರಿಯಲ್ಲಿ ಬಿಸಾಡಿದ್ದ ಚೂರು. ಮೀನು ತೂಗುವ ತಕ್ಕಡಿಯ ಪಕ್ಕ ಒಬ್ಬಳು ನಿಂತಿದ್ದಾಳೆ. ಅರ್ಧ ಮುಖ ಕತ್ತಲಲ್ಲಿದೆ, ಬಾಯಿ ಮಾತ್ರ ಬೆಳಕಿಗಿದೆ. ಅದನ್ನು ಮೇಜಿನ ಯಂತ್ರಕ್ಕೆ ಏರಿಸಿ, ಪಕ್ಕದಲ್ಲಿ ಟೇಪು ಕೂರಿಸಿ, ಓಡಿಸಿದೆ. ಒಂದು ಸಲ ಹಿಂದೆ ಹೋಗಿ ನಾಲ್ಕು ಫ್ರೇಮ್ ಸರಿಸಿದೆ. ಮತ್ತೆ ಓಡಿಸಿದೆ.

ಸಾಕು. ಮಕ್ಕಳ ಮುಖ ನೋಡೋಕೆ ಆಗ್ತಿಲ್ಲ ನಂಗೆ.

ಈ ಸಲ ಹೆಚ್ಚುಕಡಿಮೆಯ ಮಾತೇ ಇರಲಿಲ್ಲ, ತುಟಿ ಒಂದೊಂದು ಮಾತಿಗೂ ಸರಿಯಾಗಿ ಕೂಡುತ್ತಿತ್ತು. ಉಸಿರು ಎಳೆದುಕೊಂಡಲ್ಲಿ ಭುಜ ಏರುತ್ತಿತ್ತು. ಕೊನೆಯ ಮಾತಿಗೆ ಅವಳು ಕೈಯ ಹಿಂಭಾಗದಿಂದ ಮೂಗು ಒರೆಸಿಕೊಳ್ಳುತ್ತಾಳೆ, ಟೇಪಿನಲ್ಲಿ ಅದೂ ಕೇಳಿಸುತ್ತಿತ್ತು. ಇಡೀ ಚಳಿಗಾಲದ ಕೆಲಸದಲ್ಲಿ ನನಗೆ ಚಿತ್ರವೂ ದನಿಯೂ ಪೂರ್ತಿಯಾಗಿ ಕೂಡಿದ್ದು ಅದೊಂದೇ ಸಲ. ಒಂದು ಗಳಿಗೆ ನಾಚಿಕೆಗೆಟ್ಟ ಹಾಗೆ ಸಂತೋಷವಾಯಿತು.

“ಅತ್ತೆ, ಸಿಕ್ತು. ನಿಮ್ಮ ಹೆಸರು ತೊಳೆದು ಹೋಯ್ತು,” ಎಂದು ತಿರುಗಿದೆ.

ಆಕೆಯ ಮುಖದಲ್ಲಿ ಸಂತೋಷ ಇರಲಿಲ್ಲ. “ಇನ್ನೊಂದ್ಸಲ ಹಾಕು,” ಎಂದರು. ಹಾಕಿದೆ. “ಇನ್ನೊಂದ್ಸಲ.” ಮೂರನೆಯ ಸಲ ಮುಗಿದ ಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಎನೋರಾ. ನನ್ನ ಗಂಡನ ತಂಗಿ. ಬೆಂಚಲ್ಲಿ ನನ್ನ ಎಡಕ್ಕೆ ಕೂರ್ತಿದ್ದೋಳು. ಅವತ್ತು ಸಿನಿಮಾ ನೋಡುವಾಗ್ಲೂ ನನ್ನ ಎಡಕ್ಕೇ ಕೂತಿದ್ಲು. ಮರುದಿನ ಬೆಂಚಿಂದ ಎದ್ದು ಹೋದೋರಲ್ಲಿ ಮೊದಲ್ನೇಳು ಅವಳೇ.”

ಆಚೆ ಕೋಣೆಯಿಂದ ರೆಜಿಸನ ದನಿ ಬರುತ್ತಿತ್ತು. ಒಂದೇ ವಾಕ್ಯವನ್ನು ಅವನು ಮೂರನೆಯ ಸಲ ಓದಿ ಹೇಳುತ್ತಿದ್ದ.

“ಅವಳಿಗೆ ಗೊತ್ತಿತ್ತಲ್ಲ, ಅತ್ತೆ. ತನ್ನ ಮಾತು ಅಂತ ಗೊತ್ತಿದ್ದೂ ಸುಮ್ನಿದ್ಲಲ್ಲ.”

“ಗೊತ್ತಿರ್ದೇ ಇರುತ್ತಾ? ನಿದ್ದೆಗಣ್ಣಲ್ಲೂ ಗೊತ್ತಿರುತ್ತೆ.” ಕೊರಾಂತಿನ್ ಕನ್ನಡಕವನ್ನು ಕೋಟಿನ ಅಂಚಿಂದ ಒರೆಸಿದರು, ಹಾಕಿಕೊಳ್ಳಲಿಲ್ಲ. “ಅವಳಿಗೆ ನಾಲ್ಕು ಮಕ್ಕಳು. ಗಂಡ ದೋಣಿ ಬಿಟ್ಟು ಎಲ್ಲಿ ಹೋದನೋ, ಮೂರು ವರ್ಷ ಆಯ್ತು. ಐದನೇ ವಾರದಲ್ಲಿ ನಾನೇ ಅವಳ ಮನೆಗೆ ಆಲೂಗೆಡ್ಡೆ ಕೊಟ್ಟು ಬಂದಿದ್ದೆ. ಅವಳು ಹೇಳಿದ್ದು ತಪ್ಪು ಅಂತ ನಾನು ಹೇಳಲ್ಲ. ಹೇಳಿ ಅಡಗ್ಕೊಂಡ್ಲಲ್ಲ, ಅದು.”

“ಈಗ ಇದನ್ನ ಹಾಕಿ ತೋರಿಸಿದ್ರೆ—”

“ತೋರಿಸಿದ್ರೆ ನನ್ನ ಬೆಂಚಿಗೆ ಏಳು ಜನರ ಬದಲು ಆರು ಜನ ಬರ್ತಾರೆ. ಅವಳು ಒಬ್ಳೇ ಪಕ್ಕದ ಬೆಂಚಲ್ಲಿ. ಅವಳ ಮಕ್ಕಳನ್ನ ಸ್ಕೂಲಲ್ಲಿ ಏನಂತಾರೆ ಅಂತ ನಾನೇ ಹೇಳ್ಬಲ್ಲೆ. ಪರದೆ ಮೇಲೆ ಅಷ್ಟು ದೊಡ್ಡ ಬಾಯಿ. ಒಂದು ಸಲ ನೋಡಿದ್ರೆ ಸಾಯೋ ತನಕ ಮರೆಯಲ್ಲ ಜನ.” ಕನ್ನಡಕವನ್ನು ಮೂಗಿಗೇರಿಸಿದರು. “ನಂಗೂ ಸಾಕಾಗಿದೆ ಕಣೇ. ನಾನೇನು ದೊಡ್ಡ ಮನಸಿನೋಳಲ್ಲ. ರೈಲಲ್ಲಿ ಬರೋವಾಗ ಅದ್ಯಾವ ಹೆಂಗಸೋ ಸಿಗ್ಲಿ, ಜುಟ್ಟು ಹಿಡಿದು ಎಳೀತೀನಿ ಅನ್ಕೊಂಡೇ ಬಂದೆ.”

ನಾನು ಯಂತ್ರದ ದೀಪ ಆರಿಸಿದೆ.

“ಇದನ್ನ ಬೇರೆ ಯಾರು ನೋಡಿದಾರೆ?”

“ಯಾರೂ ಇಲ್ಲ. ತೆಗೆದ ಸೊಲಾಂಜ್‌ಗೂ ನೆನಪಿರಲ್ಲ. ನಾವಿಬ್ರೇ.”

“ಕತ್ತರಿಸಿ ಕೊಡು ನಂಗೆ.”

ಮತ ಹಾಕದೆ ಒಂದು ಫ್ರೇಮ್ ಕೂಡ ಹೊರಗೆ ಹೋಗಕೂಡದು. ಆ ನಿಯಮಕ್ಕೂ ನಾನು ಕೈ ಎತ್ತಿದ್ದೆ. “ಏನು ಮಾಡ್ತೀರಿ ಅತ್ತೆ?” ಎಂದೆ.

“ಅವಳ ಕೈಗೆ ಕೊಡ್ತೀನಿ. ನೋಡಿದೀನಿ ಅಂತ ಹೇಳ್ತೀನಿ. ಊರಿಗೆ ಹೇಳೋದು, ಬಿಡೋದು ಅವಳಿಗೆ ಬಿಟ್ಟಿದ್ದು. ಅವಳ ಬಾಯಿ, ಅವಳೇ ತೆಗೀಲಿ. ನೀವೂ ತೆಗಿಯೋದು ಬೇಡ, ನಾನೂ ತೆಗಿಯಲ್ಲ.”

“ಅವಳು ಬಾಯೇ ಬಿಡ್ಲಿಲ್ಲ ಅಂದ್ರೆ?”

“ಬಿಡ್ಲಿಲ್ಲ ಅಂದ್ರೆ ಬುಟ್ಟಿ ನಾನೇ ಎದ್ದು ಹೋಗಿ ತಂದ್ಕೋತೀನಿ. ಒಂದು ತಿಂಗಳಿಂದ ತಂದ್ಕೋತಾ ಇಲ್ವಾ?”

ಮೂರೂವರೆ ಮೀಟರ್ ಇತ್ತು. ಯಂತ್ರದಿಂದ ಬಿಡಿಸಿ, ಸುರುಳಿ ಸುತ್ತಿ, ಸುರುಳಿ ಬಿಚ್ಚದಂತೆ ಅಂಟುಪಟ್ಟಿ ಹಾಕಿದೆ. ನನ್ನದು ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನೇ ಮಾಡುವ ಕೈ. ಕೊರಾಂತಿನ್ ಅದನ್ನು ಮೊಟ್ಟೆ ಸುತ್ತಿ ತಂದಿದ್ದ ಬಟ್ಟೆಯಲ್ಲಿ ಕಟ್ಟಿ ಚೀಲದ ತಳಕ್ಕೆ ಇಟ್ಟರು.

ಮುಂದಿನ ಕೋಣೆಯಲ್ಲಿ ನಿರ್ಧಾರ ಇನ್ನೂ ಬರೆದು ಮುಗಿದಿರಲಿಲ್ಲ. ರೆಜಿಸ್ ಪೆನ್ನು ಎತ್ತಿ, “ಸಿಕ್ತಾ?” ಎಂದ.

ನಾನು ಬಾಯಿ ತೆರೆಯುವ ಮೊದಲೇ ಕೊರಾಂತಿನ್ ಹೇಳಿದರು. “ಸಿಗ್ಲಿಲ್ಲ. ಪಾಪ, ಹುಡುಗಿ ಚೀಲ ಎಲ್ಲಾ ಹುಡುಕಿದ್ಲು.”

“ಛೆ. ಹಂಗಾದ್ರೆ—” ರೆಜಿಸ್ ಹಾಳೆಯನ್ನು ನೋಡಿದ. ಬೇಸರ ನಿಜವಾಗಿಯೇ ಇತ್ತು ಅವನ ಮುಖದಲ್ಲಿ. ಕೆಟ್ಟವನಲ್ಲ ಅವನು. “ಹಂಗಾದ್ರೆ ಎರಡನೇ ಭಾಗದ ಪ್ರಕಾರ ಇದ್ದಂಗೇ ಇರ್ಬೇಕಾಗುತ್ತೆ. ನಿ— ನಿಮಗೆ ಒಪ್ಪಿಗೆ ತಾನೇ?”

“ನಿಮ್ಮದು ಕಾಫಿ ಚೆನ್ನಾಗಿತ್ತು,” ಎಂದರು ಕೊರಾಂತಿನ್.

ಮೊಂಪರ್ನಾಸ್ ನಿಲ್ದಾಣದವರೆಗೆ ನಾನು ಜೊತೆಗೆ ಹೋದೆ. ಮೆಟ್ರೋದಲ್ಲಿ ಒಬ್ಬ ಗಡ್ಡದ ಹುಡುಗ ಎದ್ದು ಆಕೆಗೆ ಜಾಗ ಬಿಟ್ಟ; ಆಕೆ ಕೂತು, ಚೀಲವನ್ನು ಮಡಿಲಲ್ಲಿಟ್ಟು ಎರಡೂ ಕೈಯಿಂದ ಮುಚ್ಚಿಕೊಂಡರು.  ರೈಲಿನ ಮೆಟ್ಟಿಲು ಹತ್ತುವಾಗ ತಿರುಗಿ, “ನಾನು ಅವತ್ತು ಏನು ಹೇಳಿದ್ದೆ ಅಂತ ನಿಂಗೆ ತುಟಿ ನೋಡಿ ಗೊತ್ತಾಗುತ್ತಾ?” ಎಂದು ಕೇಳಿದರು.

ಆ ಮುಖವನ್ನು ಮನಸ್ಸಿನಲ್ಲಿ ಓಡಿಸಿ ನೋಡಿದೆ. ನಾಲ್ಕು ತಿಂಗಳಿಂದ ಬೇರೆಯವಳ ಮಾತನ್ನೇ ಅದರ ಮೇಲೆ ಕೇಳಿದ್ದೆ. ಬೇರೇನೂ ಕೇಳಿಸಲಿಲ್ಲ.

“ಗೊತ್ತಾಗಲ್ಲ, ಅತ್ತೆ.”

“ಇರ್ಲಿ ಬಿಡು. ಅದೂ ಹೋಯ್ತು.”

ಮರುದಿನ ನಮ್ಮಲ್ಲಿದ್ದ ಮೂರೂ ಪ್ರತಿಗಳಿಂದ ಆ ಹತ್ತೊಂಬತ್ತು ಸೆಕೆಂಡನ್ನು ನಾನು ಕತ್ತರಿಸಿ ತೆಗೆದೆ. ಪೋರ್ಲಾನಿನವರು ನೋಡಿ ಆಗಿತ್ತು, ಅವರಿಗೆ ಅದರಿಂದ ಏನೂ ಆಗದು. ಇನ್ನು ಮುಂದೆ ನೋಡುವವರಾದರೂ ಆ ಮುಖವನ್ನು ಆ ಮಾತಿನ ಜೊತೆ ನೆನಪಿಟ್ಟುಕೊಳ್ಳುವುದು ಬೇಡ ಎಂದು. ಆ ಜಾಗದಲ್ಲಿ ಈಗ ಚಿತ್ರ ಎಡವಿದ ಹಾಗೆ ಹಾರುತ್ತದೆ. ಸಂಜೆ ಎಲ್ಲರಿಗೂ ಹೇಳಿದೆ. ಯಾರನ್ನೂ ಕೇಳದೆ ಯಾಕೆ ತೆಗೆದೆ ಎಂಬುದರ ಬಗ್ಗೆ ಮೂರು ಸಭೆಗಳಾದವು. ಮೊದಲ ಸಭೆಯಲ್ಲಿ ನನ್ನದು ವ್ಯಕ್ತಿವಾದ ಎಂದಾಯಿತು, ಎರಡನೆಯದರಲ್ಲಿ ಭಾವುಕತೆ ಎಂದಾಯಿತು. ಮೂರನೆಯದರಲ್ಲಿ ಸೊಲಾಂಜ್, “ಮುಂದಿನ ಸಿನಿಮಾಕ್ಕೆ ಹಲಗೆ ತರ್ತೀನಿ. ಬೇಡ ಅನ್ನೋರು ಚಳಿಗಾಲ ಪೂರ್ತಿ ಆ ಹಿಂದಿನ ಕೋಣೇಲಿ ಕೂತು ತುಟಿ ನೋಡಿ,” ಎಂದಳು. ಸಭೆ ಅಲ್ಲಿಗೆ ಮುಗಿಯಿತು. ಚೂರಿನ ವಿಷಯ ನಾನು ಹೇಳಲಿಲ್ಲ.

ಏಪ್ರಿಲ್ ಕೊನೆಗೆ ಬಂದರಿನ ಚಿತ್ರವಿದ್ದ ಕಾರ್ಡು ಬಂತು. ದುಂಡಗಿನ, ಶಾಲೆಯ ಅಕ್ಷರ.

“ಅಜಿಲಿಸ್‌ಗೆ. ಊರಿಗೆ ಬಂದ ಸಂಜೆಯೇ ಅವಳ ಕೈಗೆ ಕೊಟ್ಟೆ. ಕಿಟಕಿಗೆ ಹಿಡಿದು ನೋಡಿದಳು, ಏನೂ ಹೇಳಲಿಲ್ಲ. ಈಸ್ಟರ್ ಕಳೆಯಿತು, ಆಗಲೂ ಹೇಳಲಿಲ್ಲ. ಹೋದ ಸೋಮವಾರ ತನ್ನ ಚಾಕು ತೆಗೆದುಕೊಂಡು ಬಂದು ನನ್ನ ಎಡಕ್ಕೆ ಕೂತಳು. ಅಲ್ಲಿಗೆ ಯಾಕೆ ಹೋಗ್ತೀ ಎಂದು ಅವರು ಕೇಳಿದ್ದಕ್ಕೆ, ಸಿನಿಮಾದ ಆ ಮಾತು ತನ್ನದು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಈಗ ಆ ಬೆಂಚಲ್ಲಿ ನಾವು ಎರಡು ಜನ. ಆರು ಜನ ಇನ್ನೂ ಪಕ್ಕದ ಬೆಂಚಲ್ಲೇ ಇದ್ದಾರೆ, ನಾನು ಮೊದಲೇ ಯಾಕೆ ಹೇಳಲಿಲ್ಲ ಎಂದು ಈಗ ನನ್ನ ಮೇಲೆ ಬೇರೆ ಸಿಟ್ಟು. ಬುಟ್ಟಿ ತರುವುದು ಒಂದು ದಿನ ಅವಳು, ಒಂದು ದಿನ ನಾನು. ಮೀನು ಚೆನ್ನಾಗಿ ಬರುತ್ತಿದೆ.”

ಬಾಗಿಲ ಬಳಿಯೇ ನಿಂತು ಎರಡು ಸಲ ಓದಿದೆ. ನಮ್ಮಲ್ಲಿ ಬಂದ ಕಾಗದಗಳನ್ನೆಲ್ಲ ಗೋಡೆಯ ಹಲಗೆಗೆ ಚುಚ್ಚುವುದು ವಾಡಿಕೆ, ಎಲ್ಲರೂ ಓದಲೆಂದು. ಅದನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡೆ.

“ಯಾರದು?” ಎಂದ ರೆಜಿಸ್, ಪತ್ರಿಕೆಯಿಂದ ತಲೆ ಎತ್ತದೆ.

“ಊರಿಂದ.”

“ಏನಂತೆ?”

“ಮೀನು ಚೆನ್ನಾಗಿ ಬರ್ತಿದೆಯಂತೆ,” ಎಂದು ಹೇಳಿ ಹಿಂದಿನ ಕೋಣೆಗೆ ಹೋದೆ.